ಅದೇ ದೋಣಿಯಲ್ಲಿ, ಖುದ್ದಾಗಿ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ತಮ್ಮ ತಮ್ಮ ಊರು ಸೇರಿ, ಕಸದ ಗಾಡಿ ಎಂದಿನಂತೆ ಏಳೂಕಾಲಿಗೆ ಬಂದ ಮೊದಲ ಬೆಳಗ್ಗೆ ಅವಳು ಕೆಲಸಕ್ಕೆ ಹೋದಳು. ಶಾಸನಸಭೆಯ ಮುದ್ರಣ ವಿಭಾಗದಲ್ಲಿ ಕರಡು ತಿದ್ದುವ ಕೆಲಸ. ಮೇಜಿನ ಮೇಲೆ ನೈಸರ್ಗಿಕ ಸಂಪನ್ಮೂಲ ಮತ್ತು ಪರಿಸರ ಸಂರಕ್ಷಣೆಯ ಬಜೆಟ್ ಮಸೂದೆ ಕಾದು ಕೂತಿತ್ತು. ಮುನ್ನೂರ ಹನ್ನೆರಡು ಪುಟ. ಕಾಡು ಉಳಿಸಲು ಅಷ್ಟು ಕಾಗದ ಬೇಕೇ ಬೇಕು.

ಇನ್ನೂರ ಹದಿನಾಲ್ಕನೇ ಪುಟದಲ್ಲಿ ಗಂಡನ ಪ್ರಯೋಗಾಲಯ ಸಿಕ್ಕಿತು. ಕಾರ್ಖಾನೆಗಳ ಹೊಲಸು ಸೇರುವ ಕೆರೆಯ ನಡುವಿಗೆ ಹೋಗಿ ಪರೀಕ್ಷೆಗೆ ನೀರು ತುಂಬಿ ತರುವುದು ಅವನ ಕೆಲಸವಾಗಿತ್ತು. ತೂತು ಬಿದ್ದ ದೋಣಿಯ ಬಗ್ಗೆ ಮೂರು ಅರ್ಜಿ ಬರೆದಿದ್ದ. ನಾಲ್ಕನೆಯದನ್ನು ಬರೆಯುವ ಮೊದಲು ದೋಣಿಯೇ ಉತ್ತರ ಕೊಟ್ಟಿತು. ಮಸೂದೆಯಲ್ಲೂ ಉತ್ತರವಿತ್ತು: ‘ಹೊಸ ದೋಣಿ: ಮುಂದಿನ ವರ್ಷ ಪರಿಶೀಲಿಸಲಾಗುವುದು.’ ಅದರ ಕೆಳಗೇ: ‘ನಿರ್ದೇಶಕರ ಕೊಠಡಿಗೆ ಮೀನು ಸಾಕುವ ಗಾಜಿನ ತೊಟ್ಟಿ, ಜನಜಾಗೃತಿಗಾಗಿ: ಮಂಜೂರು.’

ಪ್ರಯೋಗಾಲಯದ ಮುಖ್ಯಸ್ಥ ಈ ನಿರ್ದೇಶಕರೇ. ಶವದ ಮುಂದೆ ನಿಂತು, ‘ನೀರಿಗಾಗಿ ಬದುಕಿ ನೀರಲ್ಲಿ ನೀರಾದರು’ ಎಂದು ಕಣ್ಣೊರೆಸಿಕೊಂಡಿದ್ದರು. ಆ ಕೆರೆಯನ್ನು ಅವರು ನೋಡಿದ್ದು ಫೋಟೋದಲ್ಲಿ. ಅದೂ ಮೂರನೇ ಮಹಡಿಯಲ್ಲಿ ಕೂತು.

ಅವಳಿಗೆ ಅಳು ಬರಲಿಲ್ಲ. ಒಂದು ವಾಕ್ಯ ಬಂತು.

ದೋಣಿಯನ್ನು ಮಂಜೂರು ಮಾಡಿಬಿಡಬಹುದಿತ್ತು. ಆದರೆ ಒಂದು ಅಂಕಿ ಕದಲಿದರೂ ಕೂಡಿಸಿ ನೋಡಲು ಆರು ಜನರಿದ್ದರು. ಈ ಕಟ್ಟಡದಲ್ಲಿ ಅಂಕಿಗಳಿಗೆ ಕಾವಲಿತ್ತು, ವಾಕ್ಯಗಳಿಗೆ ಇರಲಿಲ್ಲ. ಸಹಿ ಬೀಳುತ್ತಿದ್ದುದು ಮೊದಲ ಮತ್ತು ಕೊನೆಯ ಪುಟಕ್ಕೆ ಮಾತ್ರ. ನಡುವಿನ ಪುಟಗಳಿಗೆ ಒಂದು ರಬ್ಬರ್ ಮೊಹರು ಸಾಕಿತ್ತು. ಆ ಮೊಹರು ಅವಳ ಮೇಜಿನ ಖಾನೆಯಲ್ಲೇ ಇತ್ತು. ಮಂಗಳವಾರ ಮೂಲಪ್ರತಿಯ ಆ ಒಂದು ಹಾಳೆಯನ್ನು ಅದೇ ಕಾಗದದಲ್ಲಿ, ಅದೇ ಅಕ್ಷರದಲ್ಲಿ ಹೊಸದಾಗಿ ಅಚ್ಚು ತೆಗೆದಳು. ಅಂಕಿಗಳೆಲ್ಲ ಇದ್ದ ಹಾಗೇ ಇದ್ದವು. ಕೊನೆಗೆ ಒಂದೇ ಸಾಲು ಹೆಚ್ಚಾಗಿತ್ತು: ‘ನೀರಿನ ಮಾದರಿ ತರಲು ದೋಣಿ ಹೊರಟಾಗಲೆಲ್ಲ ಪ್ರಯೋಗಾಲಯದ ಮುಖ್ಯಸ್ಥರು ಅದೇ ದೋಣಿಯಲ್ಲಿ ಖುದ್ದಾಗಿ ಇರತಕ್ಕದ್ದು, ತಪ್ಪಿದಲ್ಲಿ ಸೇವೆಯಿಂದ ವಜಾ.’ ಮೊಹರು ಒತ್ತಿದಳು.

ಉಳಿದದ್ದು ತಾಳೆ ನೋಡುವುದು. ಅವಳು ಮೂಲವನ್ನು ಗಟ್ಟಿಯಾಗಿ ಓದಬೇಕು. ಎದುರು ಕೂತ ಹಿರಿಯರು ಅಚ್ಚಾದ ಪ್ರತಿಯಲ್ಲಿ ಬೆರಳಾಡಿಸುತ್ತ ಸಾಲಿಗೊಂದು ಹೂಂ ಅನ್ನಬೇಕು. ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳಿದ್ದ ಅವರಿಗೆ ಇಲ್ಲಿ ಹೂಂ ಮೇಷ್ಟ್ರು ಎಂದೇ ಹೆಸರು. ಊಟವಾದ ಮೇಲೆ ಅವರು ನಿದ್ದೆಯಲ್ಲೂ ತಪ್ಪದೆ ಹೂಂಗುಟ್ಟುತ್ತಿದ್ದರು. ತನ್ನ ಸಾಲನ್ನು ಅವಳು ಹಾರಿಸಬಹುದಿತ್ತು. ಆದರೆ ಕೆಲಸದಲ್ಲಿ ಕಳ್ಳಾಟ ಅವಳಿಗೆ ಒಗ್ಗದು. ಓದಿದಳು.

“ಹೂಂ” ಎಂದು, ಮೇಷ್ಟ್ರು ಒಂದು ಕಣ್ಣು ತೆರೆದರು. “ಯಾರು ಇರತಕ್ಕದ್ದು ಅಂದೆ?”

“ಮುಖ್ಯಸ್ಥರು, ಮೇಷ್ಟ್ರೇ.”

“ದೋಣೀಲಾ?”

“ದೋಣೀಲೇ.”

“ಪಾಪ. ಆ ಮನುಷ್ಯನಿಗೆ ಕಾಲು ತೊಳಿಯೋಕೂ ಭಯವಂತೆ.” ಕಣ್ಣು ಮುಚ್ಚಿಕೊಂಡರು. “ಹೂಂ, ಮುಂದೆ.”

ಸಭೆಯಲ್ಲಿ ಒಬ್ಬ ಸದಸ್ಯರು ನದಿಗಳು ನಮ್ಮ ತಾಯಂದಿರು ಎಂದು ನಲವತ್ತು ನಿಮಿಷ ಮಾತಾಡಿದರು. ನಡುವೆ ಪ್ಲಾಸ್ಟಿಕ್ ಬಾಟಲಿಯಿಂದ ನಾಲ್ಕು ಸಲ ನೀರು ಕುಡಿದರು. ವಿರೋಧ ಪಕ್ಷದವರು ಮರಗಳ ಪರವಾಗಿ ಮೇಜು ಕುಟ್ಟಿದರು, ಮೇಜೂ ಮರದ್ದೇ. ಊಟದ ಗಂಟೆಗೆ ಹನ್ನೊಂದು ನಿಮಿಷ ಇರುವಾಗ ಎಲ್ಲರೂ ಕೈಯೆತ್ತಿದರು. ಅವಳ ವಾಕ್ಯ ಶಾಸನವಾಯಿತು.

ಸುದ್ದಿ ಮೊದಲು ತಂದವನು ಬಾಟಲಿ ಅಣ್ಣ. ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವವನು. ಆ ಹೆಸರು ಇಟ್ಟಿದ್ದೂ ಅವಳ ಗಂಡನೇ. ಮರಣಪತ್ರಕ್ಕಾಗಿ ಕಚೇರಿಗಳನ್ನು ಅಲೆದವನು, ಬಂದಾಗಲೆಲ್ಲ ಮಾತಿಲ್ಲದೆ ಕೂತು ಎದ್ದುಹೋಗುತ್ತಿದ್ದವನು, ಅಂದು ಬಾಗಿಲಲ್ಲೇ ನಗುತ್ತಿದ್ದ.

“ಸಾಹೇಬರ ಮುಖ ನೀನು ನೋಡ್ಬೇಕಿತ್ತು ತಂಗಿ. ಅದನ್ನ ಬರೆದ ಕೈಗೆ ಬಂಗಾರದ ಕಡಗ ತೊಡಿಸ್ಬೇಕು.”

ಹೇಳಿಬಿಡೋಣವೆನಿಸಿತು. ಹೇಳಲಿಲ್ಲ, ಇಂಥ ಕೆಲಸ ಎರಡನೇ ಕಿವಿಗೆ ಬೀಳಬಾರದು. ಬಿದ್ದರೆ ಏಳು ವರ್ಷ ಜೈಲು. ಗಂಡ ಹೋದ ಮೇಲೆ ಆ ರಾತ್ರಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡಳು.

ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ, ಗೋಡೆಗೆ ಹಲಗೆ ಹೊಡೆಯಲು ಗಂಡ ಬಾಟಲಿ ಅಣ್ಣನಿಂದ ಎರವಲು ತಂದಿದ್ದ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಅವಳು ಪ್ರಯೋಗಾಲಯದ ಮೂರನೇ ಮಹಡಿ ಹತ್ತಿದಳು. ಹಿಂದಿರುಗಿಸುವುದು ನೆಪ; ನಿರ್ದೇಶಕರ ಮುಖ ನೋಡಬೇಕಿತ್ತು. ಅವರ ಕೊಠಡಿಯಲ್ಲಿ ಬಾಟಲಿ ಅಣ್ಣ ತೊಟ್ಟ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚುತ್ತ ಕೂತಿದ್ದ. “ಸರಿಯಾದ ಹೊತ್ತಿಗೆ ತಂದೆ ತಂಗಿ, ನನ್ನ ಹೆಸರಿನ ಬೋರ್ಡಿಗೆ ಎರಡು ತೂತು ಕೊರೀಬೇಕಿತ್ತು” ಎಂದ. ಸಾಹೇಬರು ಒಮ್ಮೆಯೂ ದೋಣಿ ಹತ್ತದೆ ನಿನ್ನೆಗೆ ನಿವೃತ್ತರಾದರಂತೆ; ಸೇವೆಯಲ್ಲಿ ಹಿರಿಯ ತಾನೇ ಆದ್ದರಿಂದ ಇವತ್ತಿನಿಂದ ತಾನೇ ಮುಖ್ಯಸ್ಥನಂತೆ. ಮೇಜಿನ ಮೇಲೆ ಹೊಸ ಶಾಸನದ ಪ್ರತಿಯಿತ್ತು. ಅದರ ಮೊದಲ ಪುಟ ವರ್ಷವರ್ಷವೂ ಒಂದೇ ಆದ್ದರಿಂದ ಅವಳಾಗಲಿ ಮೇಷ್ಟ್ರಾಗಲಿ ಅದನ್ನು ಓದಿದವರಲ್ಲ. ಈಗ ಓದಿದಳು: ‘ಇದು ಹೊಸ ಆರ್ಥಿಕ ವರ್ಷದ ಮೊದಲ ದಿನದಿಂದ ಜಾರಿಗೆ ಬರತಕ್ಕದ್ದು.’ ಗೋಡೆಯ ಕ್ಯಾಲೆಂಡರ್‌ನಲ್ಲಿ ಏಪ್ರಿಲ್‌ನ ಹೊಸ ಹಾಳೆ ತೆರೆದಿತ್ತು, ಇವತ್ತು ಒಂದನೇ ತಾರೀಖು. ಗಂಡ ಮುಳುಗಿದ ದಿನ ಈಜು ಬಾರದೆ ದಡದಲ್ಲಿ ಹುಟ್ಟು ಚಾಚಿಕೊಂಡು ಕೂಗುತ್ತ ನಿಂತಿದ್ದವನು ಇವನೇ. “ದೋಣಿ ತೂತಿಗೆ ಟಾರು ಮೆತ್ತಿದಾರೆ. ಹತ್ತಕ್ಕೆ ಹೊರಡ್ಬೇಕು” ಎಂದ, ಅವಳತ್ತ ನೋಡದೆ. “ಕಾನೂನು ನೋಡು, ಆ ಸಾಲು ಸುಳ್ಳು ಅಂತ ಯಾರಾದ್ರೂ ಬಂದು ಹೇಳೋವರೆಗೂ ಹತ್ಲೇಬೇಕು.” ಒಂಬತ್ತೂ ನಲವತ್ತಾಗಿತ್ತು. ಅವಳು ಮೆಷಿನ್ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಅವನೆದುರು ಕೂತು, ಶಾಸನದ ಪ್ರತಿಯಲ್ಲಿ ತನ್ನ ಸಾಲಿನ ಮೇಲೆ ಬೆರಳಿಟ್ಟಳು.