ಟ್ಯಾಂಕರ್ ಒಳಗಿನ ಬಿಸಿಲು

ಮೇ 13, ಬೆಳಿಗ್ಗೆ 8:40. ಬಸವಕಲ್ಯಾಣ ಗ್ರಾಮೀಣ ಠಾಣೆಯ ಬೆಂಚಿನ ಮೇಲೆ ಕೊಹಿನೂರು ಗ್ರಾಮದ ಸುಮನಬಾಯಿ ಕೂತಿದ್ದಳು. ಹಿಂದಿನ ದಿನ ಅವಳ ಗಂಡ ನರಸಿಂಗನ ಶವ ರಾಜೇಶ್ವರದ ಹತ್ತಿರ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಸಿಕ್ಕಿತ್ತು. ಬಿಸಿಲು ಬಡಿದು ಸತ್ತಿದ್ದಾನೆಂದು ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು. ಆ ವಾರ ಅಂಥ ಸಾವು ಅದು ಮೂರನೆಯದು. ಇನ್‌ಸ್ಪೆಕ್ಟರ್ ಶಿವರಾಜರಿಗೆ ಅದರಲ್ಲಿ ಬೇರೇನೂ ಕಂಡಿರಲಿಲ್ಲ.

“ಏನು ಅನುಮಾನ ಅದ ನಿಮಗ?”

“ಹೆಣ ತೊಳಿಯೂ ಮುಂದ ನೋಡೀನ್ರಿ ಸಾಹೇಬ್ರ. ಬಿಸಲ ಬಡದ್ರ ತಿಕ್ಕೂಹಂಗ ಅಂಗಾಲಿಗೆ ಉಳ್ಳಾಗಡ್ಡಿ ಜಜ್ಜಿ ತಿಕ್ಕ್ಯಾರ.”

“ಅವರೇ ತಿಕ್ಕೊಂಡಿರಬಹುದು.”

“ಬಿಸಲ ಬಡದು ಬಿದ್ದ ಮನಶ್ಯಾ ತನ್ನ ಅಂಗಾಲ ತಾನ ತಿಕ್ಕೊತಾನೇನ್ರಿ?” ಅವಳ ದನಿಯಲ್ಲಿ ಅಳು ಇರಲಿಲ್ಲ. “ಅವರ ಜೋಡಿ ಯಾರೋ ಇದ್ರು. ಹಾದ್ಯಾಗ ಒಬ್ರೇ ಬಿದ್ದು ಸತ್ರು ಅಂತಾರ ಊರ ಮಂದಿ. ಖರೇನ ಒಬ್ರೇ ಇದ್ರಾ? ನನಗ ಅದೊಂದು ಗೊತ್ತಾಗಬೇಕು.”

ಶಿವರಾಜ ತಾವೇ ಪೆನ್ನು ತೆಗೆದು ಅವಳ ಹೇಳಿಕೆ ಬರೆದುಕೊಂಡರು.

10:15ಕ್ಕೆ ಶವಪರೀಕ್ಷೆ ಮಾಡಿದ ವೈದ್ಯರು ಫೋನಿನಲ್ಲಿ ಸಿಕ್ಕರು. ಮೊಣಕಾಲು, ಅಂಗೈ ಸುಟ್ಟಿವೆ, ಅಂಗಾಲು ಸುಟ್ಟಿಲ್ಲ. ಕಾದ ಕಬ್ಬಿಣದ ಮೇಲೆ ಅಂಬೆಗಾಲಿಟ್ಟವನ ಗುರುತು ಅದು ಎಂದರು. ಇನ್ನೊಂದು ಪ್ರಶ್ನೆಯನ್ನು ಅವರೇ ಕೇಳಿದರು: “ಇತ್ತೀಚೆಗೆ ಕೆಲಸಕ್ಕೆ ರಜೆ ಹಾಕಿದ್ನಾ?”

ಸುಮನಬಾಯಿಯ ಹೇಳಿಕೆಯಲ್ಲಿ ಅದಿತ್ತು: ಕೈ ಮುರಿದು ನರಸಿಂಗ ಒಂದು ತಿಂಗಳು ಮನೆಯಲ್ಲಿದ್ದ. ಸತ್ತ ದಿನವೇ ಕೆಲಸಕ್ಕೆ ಮರಳಿದ್ದ.

“ಹಾಗಾದ್ರೆ ಸರಿ. ದಿನಾ ಕಾವಿನಲ್ಲಿ ದುಡಿಯೋ ದೇಹ ಅದಕ್ಕೆ ಹೊಂದಿಕೊಳ್ಳುತ್ತೆ. ಒಂದು ತಿಂಗಳು ಬಿಟ್ರೆ ಮರೀತದೆ. ಮತ್ತೆ ದಿನಕ್ಕಿಷ್ಟು ಅಂತ ರೂಢಿ ಮಾಡಿಸಬೇಕು.”

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಫಿರೋಜ್ ಶವದ ಸುದ್ದಿ ಕೊಟ್ಟ ಕರೆಯ ವಿವರ ತಂದಿದ್ದ. ಪೊಲೀಸ್ ಸಹಾಯವಾಣಿ 112ಕ್ಕೆ ಕರೆ ಬಂದದ್ದು ಮಧ್ಯಾಹ್ನ 3:50ಕ್ಕೆ. ‘ಜಲ್ದಿ ಬರ್ರಿ, ಹೆಣಕ್ಕ ಇರುವಿ ಹತ್ತತಾವ’ ಎಂದು ಹೇಳಿ, ಹೆಸರು ಕೇಳುವ ಮೊದಲೇ ಫೋನ್ ಇಟ್ಟಿದ್ದರು. ಆ ನಂಬರು ಹುಮನಾಬಾದಿನ ಟ್ಯಾಂಕರ್ ದುರಸ್ತಿ ಶೆಡ್ಡಿನ ಮೇಸ್ತ್ರಿ ಸೈಫುದ್ದೀನನದು. ನರಸಿಂಗ ಹನ್ನೊಂದು ವರ್ಷದಿಂದ ಅವನ ಕೈಕೆಳಗೆ ವೆಲ್ಡಿಂಗ್ ಮಾಡುತ್ತಿದ್ದ.

12:50ಕ್ಕೆ ಅವರು ಶೆಡ್ ತಲುಪಿದಾಗ ಮೇಸ್ತ್ರಿ ಇರಲಿಲ್ಲ. ಮಾಲೀಕ, ಶ್ರೀಮಂತ ಎಂಬವನು, ಗೋಡೆಯ ಫಲಕ ತೋರಿಸಿದ: ಬೆಳಿಗ್ಗೆ ಒಂಬತ್ತರ ನಂತರ ಯಾರೂ ಟ್ಯಾಂಕರ್ ಒಳಗೆ ಇಳಿಯತಕ್ಕದ್ದಲ್ಲ.

“ನಿನ್ನೆ ಟ್ಯಾಂಕರ್ ಎಷ್ಟಕ್ಕ ಬಂತು?”

“ಹನ್ನೊಂದಕ್ಕರಿ.”

“ಯಾವಾಗ ಕೊಡ್ಬೇಕಿತ್ತು?”

ಶ್ರೀಮಂತ ಫಲಕದ ಕಡೆ ನೋಡಲಿಲ್ಲ. “ಸಂಜಿಗೆ ಬೇಕು ಅಂತ ಮೇಸ್ತ್ರಿಗೆ ಅಂದಿದ್ದೆ.”

ಟ್ಯಾಂಕರ್ ಇನ್ನೂ ಅಂಗಳದಲ್ಲೇ ನಿಂತಿತ್ತು. ಪಂಚರ ಎದುರು ಶಿವರಾಜ ಟೇಪು ಹಿಡಿದು ತಾವೇ ಒಳಗಿಳಿದರು. ಗಾಳಿ ಎಂಬುದೇ ಇಲ್ಲ. ಎಳೆದ ಉಸಿರು ಗಂಟಲಲ್ಲೇ ಸುಡುತ್ತಿತ್ತು. ಏಳು ನಿಮಿಷಕ್ಕೆ ಹೊರಬಂದು, ನೆರಳಲ್ಲಿ ಕೂತು ಪಂಚನಾಮೆ ಬರೆದರು.

ಫಿರೋಜ್ ಇಣುಕಿ ನೋಡಿದ. “ಸಾಹೇಬ್ರ, ಮಾರ್ಚ್ ಅಂತ ಬರದೀರಿ.”

“ಹೂಂ. ಮತ್ತೇನು?”

“ಮೇ ಅದರಿ. ಮಾರ್ಚ್‌ದಾಗ ನಾವ್ ಇಷ್ಟು ಬೆವತಿರ್ಲಿಲ್ರಿ.”

“ತಲಿ ತಿನ್ಬ್ಯಾಡ ಫಿರೋಜ್, ನನಗ ತಾರೀಖ ಗೊತ್ತಿಲ್ಲೇನು?” ಎಂದು ಸಿಡುಕಿದರು. ಒಂದು ತಂಬಿಗೆ ನೀರು ಕುಡಿದ ಮೇಲೆ ಮತ್ತೆ ಹಾಳೆ ನೋಡಿದರು. ಮಾರ್ಚ್ ಎಂದೇ ಇತ್ತು. ತಪ್ಪಿಗಿಂತ, ಆ ಗಳಿಗೆಯಲ್ಲಿ ತಮಗಿದ್ದ ಖಾತ್ರಿ ಅವರನ್ನು ಅಂಜಿಸಿತು.

3:30. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಸೈಫುದ್ದೀನನ ಮನೆ. ಅವನು ಬಾಗಿಲಲ್ಲೇ ಎದ್ದು ನಿಂತ, ಕಾಯುತ್ತಿದ್ದವನ ಹಾಗೆ.

“ಅವನನ್ನ ಒಳಗ ಇಳಿಸಿದ್ದು ಯಾರು ಚಾಚಾ?”

“ನಾನ ಸಾಬ್. ಮೊದ್ಲ ಒಂದ್ ತಾಸ ನಾನ ಇಳದಿದ್ದೆ. ತಲಿ ಗರ್ರ ಅಂತು, ಮ್ಯಾಲ ಬಂದೆ. ಅವಾ ಇಳದ.”

“ತಿಂಗಳ ಮ್ಯಾಲ ಬಂದವನು.”

“ಹನ್ನೊಂದ್ ವರ್ಷ ಪಳಗಿದ ಮೈ ಅದು, ಏನಾಗ್ತದ ಅಂದೆ. ಕರದ್ರ ಓ ಅನ್ನಾಕತ್ತಿದ್ದ. ಆಮ್ಯಾಲ ಅನ್ಲಿಲ್ಲ. ಎಳದ್ ತಗದೆ. ಉಳ್ಳಾಗಡ್ಡಿ ತಿಕ್ಕಿದೆ, ನೀರ ಹೊಡದೆ, ಕಣ್ಣ ತಗದ. ಟಂಟಂ ಆಟೋದಾಗ ಹಾಕ್ಕೊಂಡ್ ಹೊಂಟೆ.”

“ಶೆಡ್‌ನಿಂದ ದವಾಖಾನಿ ಎಡಕ್ಕಿತ್ತು. ಒಂದು ಮೈಲಿ. ನೀವು ಬಲಕ್ಕ ಹೊಳ್ಳಿಸೀರಿ.”

ಶಿವರಾಜ ಮನಸ್ಸಿನಲ್ಲೇ ತೂಗಿದರು. ಹೆಣ ಸಾಗಿಸಲು ಹೋದನೆಂದು ಕೋರ್ಟಿನಲ್ಲಿ ಹೇಳುವುದು ಸುಲಭ. ಆದರೆ ಹೆಣದ ಕಾಲಿಗೆ ಯಾರೂ ಉಳ್ಳಾಗಡ್ಡಿ ತಿಕ್ಕುವುದಿಲ್ಲ. ಏಳು ನಿಮಿಷಕ್ಕೇ ತಾವು ಮೇ ತಿಂಗಳನ್ನು ಮಾರ್ಚ್ ಮಾಡಿದ್ದರು; ಇವನು ಒಂದು ತಾಸು ಒಳಗಿದ್ದ.

“ದಿನಾ ಕೆಲಸ ಬಿಟ್ಟ ಮ್ಯಾಲ ಬಲಕ್ಕ ಹೊಳ್ಳತೀರಿ. ಮನಿಗೆ.”

“ಹೌದ್ ಸಾಬ್. ದವಾಖಾನಿಗೇ ಹೊಂಟೀನಿ ಅಂತ ತಿಳದಿದ್ದೆ. ಅಲ್ಲಾ ಕಸಮ್. ರಾಜೇಶ್ವರ ಬೋರ್ಡ್ ನೋಡಿ ಗಾಡಿ ನಿಂದ್ರಸ್ದೆ. ಹೊಳ್ಳಿ ನೋಡೂದ್ರಾಗ ಉಸ್ರ ಇರ್ಲಿಲ್ಲ.”

“ಆಗಾದ್ರೂ ಹೇಳಬಹುದಿತ್ತು.”

“ಸತ್ತಾ ಅಂತ ಹೇಳಬಹುದಿತ್ತು. ಹಾದಿ ತಪ್ಪಿಸಿ ಕೊಂದೆ ಅಂತ ಆ ಹೆಣ್ಣಮಗಳಿಗೆ ಹ್ಯಾಂಗ ಹೇಳ್ಲಿ?”

4:20ಕ್ಕೆ ಸೈಫುದ್ದೀನನ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು: ಎಫ್‌ಐಆರ್‌ನಲ್ಲಿ ಎರಡು ಕಲಮು. ಆರೋಪಿಗಳು ಇಬ್ಬರು, ಮೊದಲಿನ ಹೆಸರು ಮಾಲೀಕ ಶ್ರೀಮಂತನದು. ಪಂಚನಾಮೆಯಲ್ಲಿ ತಾವು ಹೊಡೆದುಹಾಕಿದ ‘ಮಾರ್ಚ್’ ಎಂಬ ಪದದ ಪಕ್ಕ ಶಿವರಾಜ ಸಹಿ ಹಾಕಿ, ಕಾರಣವನ್ನೂ ಬರೆದರು. ಹಾಳೆ ಬದಲಿಸೋಣವೇ ಎಂದು ಫಿರೋಜ್ ಕೇಳಿದ. ಬೇಡ, ಅದೂ ಸಾಕ್ಷಿ ಎಂದರು.

ಸಂಜೆ ಸುಮನಬಾಯಿಯನ್ನು ಕರೆಸಿ ಇದ್ದದ್ದನ್ನು ಇದ್ದಂತೆ ಹೇಳಿದರು, ಬಲಕ್ಕೆ ಹೊರಳಿದ್ದನ್ನೂ. ಅವಳು ಮೇಸ್ತ್ರಿಯನ್ನು ನೋಡಬೇಕೆಂದಳು. ಸೈಫುದ್ದೀನ್ ಸರಳಿನ ಆಚೆ ತಲೆ ತಗ್ಗಿಸಿ ನಿಂತ.

“ಗಾಡ್ಯಾಗ ಅವರು ಏನರ ಅಂದ್ರಾ?” ಅವಳು ಕೇಳಿದಳು.

“ಎಲ್ಲಿಗೆ ಹೊಂಟೀವಿ ಚಾಚಾ, ಅಂದ.”

“ನೀವೇನಂದ್ರಿ?”

“ದವಾಖಾನಿಗೆ ಅಂದೆ, ಬೇಟಿ.”

ಅವಳು ಸೆರಗು ತಲೆ ಮೇಲೆ ಎಳೆದುಕೊಂಡಳು.

“ಅಂದ್ರ ಹಾದಿ ತಪ್ಪಿದ್ದು ಅವರಿಗೆ ಗೊತ್ತಾಗಿಲ್ಲ,” ಎಂದಳು.