ಸೂಕಿಯ ಕೆನ್ನೆ

"ಯಾರು... ಯಾರು ಮುಟ್ಟಿದ್ದು ಇದನ್ನ?"

ಸೆಲೀನಾಳ ದನಿಗೆ ಬೆಚ್ಚಿ, ಕೆಲಸದಾಕೆ ಪೆಗ್ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಹೊಸ ಚೌಕಟ್ಟು ಹಾಕಿಸಲೆಂದು ಕಳೆದ ವಾರ ಸೂಕಿಯ ಚಿತ್ರದ ಗಾಜು ತೆಗೆಸಿದ್ದರು. ಈಗ ಮುಸುಕು ಸರಿಸಿದರೆ ಸೂಕಿಯ ಎಡಗೆನ್ನೆಯೇ ಇಲ್ಲ! ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರವೆಂದರೆ ಬರಿಯ ಪುಡಿ, ಮುಟ್ಟಿದರೆ ಉದುರುವಂಥದ್ದು. ಸಿಡುಬು ಕೊಂಡೊಯ್ದ ಆ ಪುಟ್ಟ ಮಗಳು ಈ ಲೋಕದಲ್ಲಿ ಉಳಿದದ್ದು ಆ ಪುಡಿಯಲ್ಲಿ ಮಾತ್ರ...

ಹೊರಗೆ, ಚಿತ್ರವನ್ನು ಲಂಡನ್ನಿನ ಪ್ರದರ್ಶನಕ್ಕೆ ಒಯ್ಯುವ ಗಾಡಿ ಕಾಯುತ್ತಿತ್ತು. ಮದುವೆಯಾದಾಗಿನಿಂದ ಸೆಲೀನಾ ಬರೆದ ಒಂದು ಚಿತ್ರವೂ ಈ ಮನೆಯ ಹೊಸಿಲು ದಾಟಿರಲಿಲ್ಲ. ಅರ್ಲ್ ಪದವಿಯ ದೊಡ್ಡ ಮನೆತನದವನ ಹೆಂಡತಿ ಚಿತ್ರ ಮಾರುವಂತಿಲ್ಲ. ಪ್ರದರ್ಶನಕ್ಕಿಟ್ಟರೂ ಹೆಸರು ಹಾಕುವಂತಿಲ್ಲ, 'ಒಬ್ಬ ಮಹಿಳೆ' ಎಂದಷ್ಟೇ. ಅಷ್ಟಾದರೂ ಸಾಕೆಂದು ಬೆಳಗಿನಿಂದ ಕೂತಲ್ಲಿ ಕೂರಲಾರದೆ ಕಿಟಕಿಯಿಂದ ಕಿಟಕಿಗೆ ತಿರುಗುತ್ತಿದ್ದಳು. ಪ್ರದರ್ಶನದವರು ಚಿತ್ರ ತೆಗೆದುಕೊಳ್ಳಲು ಇಂದೇ ಕೊನೆಯ ದಿನ.

"ನಾನಲ್ಲ ಅಮ್ಮಾವ್ರೇ! ಧೂಳು ಹೊಡೆಯೋಕೂ ಅದರ ಹತ್ರ ಹೋಗಲ್ಲ" ಎಂದಳು ಪೆಗ್.

"ನೀನಲ್ಲ, ಗೊತ್ತು!"

ಅಗ್ಗಿಷ್ಟಿಕೆಯ ಪಕ್ಕ ಕಪ್ಪು ರೇಷ್ಮೆಯುಟ್ಟು ಕೂತಿದ್ದ ಅತ್ತೆಯತ್ತ ಸೆಲೀನಾ ತಿರುಗಿದಳು.

"'ಬಾಗಿಲಲ್ಲಿ ಒಂದು ಶಿಲ್ಲಿಂಗು ಬಿಸಾಕಿ ಕಂಡಕಂಡವರೆಲ್ಲ ನನ್ನ ಮೊಮ್ಮಗಳನ್ನ ನೋಡ್ಬೇಕಾ' ಅಂದ್ರಲ್ಲ ಅತ್ತೆ... ಅದಕ್ಕೇ ಒರೆಸಿ ಹಾಕಿದ್ರಾ? ನನ್ನ ಮೇಲಿನ ಸಿಟ್ಟನ್ನ ಆ ಮಗು ಮೇಲೆ ತೀರಿಸ್ಕೊಂಡ್ರಾ?"

"ಕೂಗಾಡ್ಬೇಡ. ಮೀನು ಮಾರೋಳಲ್ಲ ನೀನು."

ಮಾತು ಎಂದಿನಂತೆ ಚುಚ್ಚಿತು. ಅತ್ತೆಯ ಬಲಗೈ ಮಾತ್ರ ರೇಷ್ಮೆಯ ಮಡಿಕೆಯೊಳಗೇ ಅಡಗಿತ್ತು. ಸೆಲೀನಾ ಅದನ್ನು ಎಳೆದಳು. ಒಂದೇ ಬೆರಳ ತುದಿಯಲ್ಲಿ ಗುಲಾಬಿ ಬಣ್ಣ! ಒರೆಸಿದ ಕೈಯಲ್ಲ ಅದು, ಸವರಿದ ಕೈ.

"ಗಾಜಿದ್ದಾಗ ಕೆನ್ನೆ ತಣ್ಣಗಿರ್ತಿತ್ತು ಕಣೇ..." ಮುದುಕಿ ಆ ಬೆರಳನ್ನು ಮಡಚಿಕೊಂಡಳು. "ತೆಗೆದ ಮೇಲೆ ದಿನಾ ಬೆಳಿಗ್ಗೆ ಒಂದ್ಸಲ... ಸವೀತಿದೆ ಅಂತ ಈ ಕಣ್ಣಿಗೆ ಕಾಣ್ಲಿಲ್ಲ. ಅವಳಿಗೆ ಜ್ವರ ಬಂದಾಗ ಒಳಗೇ ಬಿಡ್ಲಿಲ್ವಲ್ಲ ನನ್ನ! ಮುಟ್ಟೋಕೇ ಬಿಡ್ಲಿಲ್ಲ... ಈಗ ಇದನ್ನೂ ಕಳಿಸ್ಬಿಡ್ತೀಯಾ?"

"ಗಾಡಿಯೋನು ಚಿತ್ರ ಕೇಳ್ತಿದಾನೆ ಅಮ್ಮಾವ್ರೇ" ಎಂದಳು ಪೆಗ್.

ಕೆನ್ನೆ ತಿದ್ದುವುದು ಒಂದು ಗಳಿಗೆಯ ಕೆಲಸ. ತಿದ್ದಿ, ಗಾಜು ಮುಚ್ಚಿ, ಕಳಿಸಿಬಿಡಬಹುದಿತ್ತು. ಸೆಲೀನಾ ಗಾಡಿಯನ್ನು ನೋಡಿದಳು, ಆ ಬೆರಳನ್ನು ನೋಡಿದಳು.

"ಚಿತ್ರ ಬರಲ್ಲ, ಹೊರಡು ಅನ್ನು."

ಗುಲಾಬಿ ಕಡ್ಡಿ ತೆಗೆದು ಸೂಕಿಯ ಕೆನ್ನೆಯ ಮೇಲೆ ಎಳೆದಳು. ಆಮೇಲೆ ಅತ್ತೆಯನ್ನು ಎಬ್ಬಿಸಿ ಕರೆತಂದು, ಆ ಬೆರಳನ್ನು ಅಲ್ಲಿಟ್ಟಳು.

"ಇದನ್ನ ಬೆರಳಲ್ಲೇ ತೀಡ್ಬೇಕು ಅತ್ತೆ. ಮೆಲ್ಲಗೆ... ಅವಳು ಮಲಗಿದ್ದಾಗ ಸವರ್ತಿದ್ರಲ್ಲ, ಹಾಗೆ."

"ಮತ್ತೆ ಸವೆದ್ರೆ?"

"ನಾನಿದ್ದೀನಲ್ಲ, ಬರೆಯೋಕೆ."

ಗಾಲಿಗಳ ಸದ್ದು ದೂರವಾಗಿ ಅಡಗಿತು. ಲಂಗದ ಅಂಚಿನಲ್ಲಿ ಸೆಲೀನಾಳ ಪಾದ ಬೆಳಗಿನ ತವಕದಲ್ಲೇ ಇನ್ನೂ ಕುಣಿಯುತ್ತಿತ್ತು. ಆದರೆ ಅವಳು ಕಿಟಕಿಯ ಕಡೆ ತಿರುಗಲಿಲ್ಲ.