ಎರಡು ಸೂಜಿಯ ಹೊಲಿಗೆ

ಚೀಲದ ಪಕ್ಕದ ಜೇಬಿಗೆ ಹಾಕಿದ ಗುಡದಪ್ಪನ ಕೈ ತಳದಿಂದ ಹೊರಗೆ ಬಂತು. ಐದು ಬೆರಳೂ.

ಪಾನಾ, ಇಕ್ಕಳ, ಗೇಜು, ತಾಮ್ರದ ಕೊಳವೆ ಕತ್ತರಿಸುವ ಕಟ್ಟರು, ಎಲ್ಲವೂ ಚೀಲದೊಳಗೆ ಅದರದರ ಜಾಗದಲ್ಲಿದ್ದವು. ಇಲ್ಲದ್ದು ಒಂದೇ: ಆ ಜೇಬಿನಲ್ಲಿ ಇರಬೇಕಾಗಿದ್ದ ಯಂತ್ರ.

"ಎಲ್ಲಿ ಹೋತೋ, ಕಾಸೀಮಾ?"

"ಬ್ಯಾಡಗಿಯೊಳಗ ನಾನ ಕೈಯಾರೆ ಇಟ್ಟು ಬಕಲ್ ಹಾಕೇನಿ, ಮಾಲಕರ. ಮೋಟೆಬೆನ್ನೂರಾಗ ಬಸ್ ಬದಲಿ ಮಾಡಿದೆ. ಇಲ್ಲಿ ಬಂದು ಇಳಿಸಿದೆ. ನಡುವ ಬಿಚ್ಚಿಲ್ಲ—ಖುದಾಕಸಂ."

ಅದು ಸಣ್ಣ ಯಂತ್ರ. ಗಡಿಯಾರದಂತೆ ಕೀಲಿ ಕೊಟ್ಟು ತಣ್ಣನೆಯ ಕೋಣೆಯಲ್ಲಿಟ್ಟರೆ, ಏಳು ದಿನದ ತಾಪಮಾನವನ್ನು ಕಾಗದದ ಸುರುಳಿಯ ಮೇಲೆ ತಾನೇ ಗೆರೆ ಎಳೆದು ಬರೆಯುತ್ತದೆ. ರಾಣೇಬೆನ್ನೂರಿನ ಗುಡದಪ್ಪನ ರೆಫ್ರಿಜರೇಶನ್ ಅಂಗಡಿಗೆ ಇದ್ದದ್ದು ಅದೊಂದೇ. ಬ್ಯಾಡಗಿಯ ಮಾಲತೇಶಪ್ಪನ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಬಣ್ಣ ಬಿಡುತ್ತಿದೆ ಎಂದು ವರ್ತಕರು ತಕರಾರು ತೆಗೆದಿದ್ದರು. ತಪ್ಪು ಕಂಪ್ರೆಸರಿನದೋ, ಅದನ್ನು ರಿಪೇರಿ ಮಾಡಿದ ಕಾಸೀಮಸಾಬನದೋ? ಹೋದ ಶುಕ್ರವಾರ ಕಾಸೀಮಸಾಬನೇ ಯಂತ್ರವನ್ನು ಅಲ್ಲಿ ಇಟ್ಟು ಬಂದಿದ್ದ. ಈ ಶುಕ್ರವಾರ ತರಲು ಹೋಗಿದ್ದ.

ಮಾಲತೇಶಪ್ಪನಿಗೆ ಫೋನು ಮಾಡಿದ್ದಾಯಿತು. ಅವನ ದನಿ ಅಂಗಡಿಯ ಬಾಗಿಲ ತನಕ ಕೇಳಿಸಿತು.

"ಬಿದ್ದಿಲ್ಲೋ ಗುಡದಪ್ಪ, ನಿನ್ನ ಮನಷ್ಯಾನ ಅದನ್ನ ನುಂಗ್ಯಾನ! ಕಾಗದ ಬಿಚ್ಚಿದ್ರ ಅವನ ಕೆಲಸದ ಹಣೇಬರ ಹೊರಗ ಬರತಿತ್ತಲ್ಲ? ಸೋಮವಾರದೊಳಗ ಅವನ್ನ ತಗದು ಹಾಕು. ಇಲ್ಲಾಂದ್ರ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜೂ ನಿನ್ನ ಬಾಗಲಾ ತುಳಿಯಾಂಗಿಲ್ಲ."

ಕಾಸೀಮಸಾಬ ಹದಿನೆಂಟು ವರ್ಷದಿಂದ ಇಲ್ಲಿದ್ದವನು. ಅವನು ತಲೆ ಎತ್ತಲಿಲ್ಲ.

"ನುಂಗಿರಲಿಕ್ಕಿಲ್ಲ ಬಿಡ್ರಿ," ಎಂದ ಸೋಮಣ್ಣ. ಅವನೂ ಅಂಗಡಿಯ ಮೆಕ್ಯಾನಿಕ್ಕು. ಇವತ್ತು ಕಾಸೀಮಸಾಬನ ಜೊತೆಗೇ ಹೋಗಿದ್ದವನು. "ಚೀಲ ಉಗುಳೇತಿ. ನಾ ಮೊದಲ ಬಡಕೊಂಡೆ, ಹುಬ್ಬಳ್ಳಿ ರೆಕ್ಸಿನ್ ಪೆಟ್ಟಿಗಿ ತಗೋರಿ ಅಂತ. ಲಾರಿ ತಾಡಪತ್ರಿ ಹೊಲಿಯೋರ ಕಡಿಂದ ಚೀಲಾ ಹೊಲಿಸಿದ್ರ ಇನ್ನೇನಾಗತೈತಿ?"

ಹುಬ್ಬಳ್ಳಿಯ ಪೆಟ್ಟಿಗೆ ಅಂಗಡಿ ಸೋಮಣ್ಣನ ಭಾವನದು. ಇದು ಎಲ್ಲರಿಗೂ ಗೊತ್ತಿತ್ತು.

ಗುಡದಪ್ಪನ ಏಳು ಮೆಕ್ಯಾನಿಕ್ಕುಗಳು ಅಲ್ಲಿಯವರೆಗೆ ಸಾಮಾನು ಹೊತ್ತು ಏಳು ಥರ ಹೋಗುತ್ತಿದ್ದರು. ಒಬ್ಬನ ಕೈಯಲ್ಲಿ ಅಕ್ಕಿ ಚೀಲ, ಇನ್ನೊಬ್ಬನ ತಲೆಯ ಮೇಲೆ ತಗಡಿನ ಟ್ರಂಕು. ಎಲ್ಲರಿಗೂ ಒಂದೇ ನಮೂನೆಯದು ಬೇಕೆಂದು ಗುಡದಪ್ಪ ಎರಡು ಸ್ಯಾಂಪಲ್ ತರಿಸಿದ್ದ: ಹುಬ್ಬಳ್ಳಿಯ ಪೆಟ್ಟಿಗೆ, ಮತ್ತು ಈ ಚೀಲ. ಪೆಟ್ಟಿಗೆ ಚಂದವಿತ್ತು. ಆದರೆ ಬಸ್ ಸ್ಟ್ಯಾಂಡಿನ ಹಿಂದೆ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಮಹಮೂದಾಬೇಗಂ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಸೀಮಸಾಬನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದ್ದಳು: "ಅಮೋನಿಯಾ ಸೋರಿದಾಗ ಕಣ್ಣು ಬಿಡಾಕ ಬರಾಂಗಿಲ್ಲಲ್ಲ, ಆಗ ನಿಮ್ಮ ಕೈ ಮೊದಲ ಯಾವ ಪಾನಾ ಹುಡುಕತೈತಿ?" ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಅವನ ಕೈ ಹೋದ ಹೋದಲ್ಲಿ ಸುಣ್ಣದ ಗುರುತು ಹಾಕಿ, ಆ ಗುರುತಿನ ಮೇಲೆ ಜೇಬು ಹೊಲಿದಿದ್ದಳು. ಕೆಳಗೆ ನೀರು ಇಳಿಯಲು ತೂತು. ತಳಕ್ಕೆ ಲಾರಿಯ ಟ್ಯೂಬಿನ ರಬ್ಬರು. ಇಪ್ಪತ್ತು ವರ್ಷ ಈ ಧಂದೆಯಲ್ಲಿದ್ದರೂ ತನಗೆ ಹೊಳೆಯದ ಪ್ರಶ್ನೆ ಅದು ಎಂದು ಗುಡದಪ್ಪನಿಗೆ ಅನಿಸಿತ್ತು.

ಈಗ ಎರಡರಲ್ಲಿ ಒಂದು. ಕಾಸೀಮಸಾಬನ ಮಾತು ಸುಳ್ಳು, ಇಲ್ಲವೇ ಆ ಹೊಲಿಗೆ ಸುಳ್ಳು.

ಬೇಗಂಳಿಗೆ ಹೇಳಿಕಳಿಸಿದ.

ಬಂದವಳು ಚೀಲವನ್ನು ಬೆಳಕಿಗೆ ತಿರುಗಿಸಿಕೊಂಡಳು. ನಲವತ್ತು ದಾಟಿದ ಹೆಂಗಸು. ಬೆರಳುಗಳಿಗೆ ಜೇನುಮೇಣ ಮೆತ್ತಿ ಮೆತ್ತಿ ಹಳದಿ ಬಣ್ಣ ಬಂದಿತ್ತು. ಜೇಬಿನ ತಳದಿಂದ ಒಂದು ದಾರದ ತುಂಡು ಎಳೆದು ಅಂಗೈ ಮೇಲಿಟ್ಟುಕೊಂಡಳು.

"ಇದು ಹರದದ್ದಲ್ರಿ ಗುಡದಪ್ಪನವರ. ಕೊಯ್ದದ್ದು."

"ಹೆಂಗ ಹೇಳ್ತೀರಿ?"

"ಹರದ ದಾರದ ತುದಿ ಹತ್ತಿಯಾಗತೈತಿ. ಇದು ನೋಡ್ರಿ, ಕ್ಷೌರ ಮಾಡಿದಂಗ ಐತಿ."

ಸೋಮಣ್ಣ ನಕ್ಕ. "ಅಕ್ಕಾರ, ಕಳ್ಳ ಬಕಲ್ ತಗದು ಮ್ಯಾಲಿಂದ ಎತಗೊಂಡು ಹೋಗಲಾರದ ತಳಾ ಯಾಕ ಕೊಯ್ತಾನ? ಅವಗೇನು ಹುಚ್ಚ?"

"ಮ್ಯಾಲಿಂದ ತಗದರ ಕಳುವು ಅಂತಾರ. ತಳದಿಂದ ಹೋದರ ಬೇಗಂನ ಹೊಲಿಗಿ ಸಡಲೈತಿ ಅಂತಾರ. ನೀವು ಹಂಗ ಅಂದ್ರೆಲ್ಲ?"

ಸೋಮಣ್ಣನ ನಗು ನಿಂತಿತು.

ಅವಳ ಬೆರಳು ಜೇಬಿನ ಬಲ ಮೂಲೆಗೆ ಬಂದು ತಡೆಯಿತು. ಅಲ್ಲಿ ಬಟ್ಟೆ ಸಣ್ಣ ನೆರಿಗೆಯಾಗಿ ಮುದುಡಿತ್ತು. "ಭಾರಕ್ಕ ಆಗಿರಬೇಕು," ಎಂದ ಗುಡದಪ್ಪ. ಅವಳು ನೆರಿಗೆಯನ್ನು ಇನ್ನೊಮ್ಮೆ ಸವರಿ ನೋಡಿದಳು.

"ಕಾಸೀಂ ಭಾಯಿ, ಚೀಲ ನಿಮ್ಮ ಕಣ್ಣು ಬಿಟ್ಟು ಎಷ್ಟೊತ್ತು ಇತ್ತು?"

"ಜುಮ್ಮಾ ನಮಾಜಿಗೆ ಹೋಗಿದ್ದೆ ಆಪಾ. ಅರ್ಧಾ ತಾಸು. ಕಂಪ್ರೆಸರ್ ಕೋಣೆಯ ಗೂಟಕ್ಕ ಹಾಕಿದ್ದೆ."

"ತಿರುಗಿ ಬಂದು ಜೇಬು ಮುಟ್ಟಿ ನೋಡಿದ್ರಿ?"

"...ಇಲ್ಲ. ಬಕಲ್ ಹಾಕಿದ್ದು ಹಾಕಿದಂಗ ಇತ್ತು. ಹನ್ನೆರಡು ಕಿಲೋ ಕಬ್ಬಣದಾಗ ಒಂದು ಕಿಲೋ ಕಮ್ಮಿಯಾದ್ರ ಹೆಗಲಿಗೆ ತಿಳಿಯಾಂಗಿಲ್ಲ."

"ಅಲ್ಲಿ ಯಾರಿದ್ರು?"

"ಮಷಿನ್ ನೋಡಕೊಳ್ಳೋ ಭರಮಣ್ಣ. ನೀರು ಕುಡಿಯಾಕ ಬಂದ ಹಮಾಲ ತಿರಕಪ್ಪ. ಹರದ ಗೋಣಿಚೀಲ ಹೊಲಿಯೋ ಚೌಡವ್ವ. ಮತ್ತ—"

"ಮತ್ತ ನಾನು," ಎಂದ ಸೋಮಣ್ಣ. "ಹೇಳು, ಯಾಕ ಅಂಜತಿ? ನಾ ಬೀಡಿ ಸೇದಾಕ ಹೊರಗ ಹೋಗಿದ್ದೆ."

"ಮಾಲಕರು ಮಾಲತೇಶಪ್ಪ?" ಎಂದು ಬೇಗಂ ಕೇಳಿದಳು.

"ಅವರು ಊಟಕ್ಕ ಹೋಗಿದ್ರು."

ಅವಳು ಚೀಲ ಮಡಚಿಕೊಂಡಳು. "ನಾಳೆ ಮುಂಜಾನೆ ಎಲ್ಲಾರೂ ಬ್ಯಾಡಗಿಗೆ ಹೋಗೂಣು. ಇಂಥವ ನಾಕು ಜೇಬು ನಾ ಹೊಲಕೊಂಡು ಬರತೇನಿ."

ಶನಿವಾರ ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಮೆಣಸಿನಕಾಯಿ ಘಾಟಿಗೆ ಗುಡದಪ್ಪ ಮೂರು ಸಲ ಸೀನಿದ. ಮಾಲತೇಶಪ್ಪ ತಕ್ಕಡಿಗೆ ಒರಗಿ ನಿಂತಿದ್ದ. ಕಾಸೀಮಸಾಬನ ಕಡೆ ನೋಡಲಿಲ್ಲ.

ಬೇಗಂ ಯಾರ ಹೆಸರನ್ನೂ ಎತ್ತಲಿಲ್ಲ. "ನನ್ನ ಹೊಲಿಗಿ ಸಡಲೈತಿ ಅಂತ ಮಾತು ಬಂದೈತಿ," ಎಂದಳು. "ಎಷ್ಟು ಸಡಲೈತಿ ನೋಡೇ ಬಿಡೂಣು. ಈ ಜೇಬಿನ ತಳಾ ಯಾರು ಲಗೂ ಬಿಚ್ಚತೀರಿ? ಗುಡದಪ್ಪನವರು ಗಡಿಯಾರ ಹಿಡೀತಾರ."

ಮೊದಲು ತಿರಕಪ್ಪ. ಬ್ಲೇಡು ತಗೊಂಡವನೇ ಬಲ ಮೂಲೆಯ ಗಂಟು ಕೊಯ್ದ. ತುದಿ ಹಿಡಿದು ಸರ್ರನೆ ಜಗ್ಗಿದ. ದಾರ ಬರಲಿಲ್ಲ. ಇನ್ನೊಂದು ಸಲ ಜಗ್ಗಿದ. ಬಟ್ಟೆ ಮುದುಡಿತು.

"ಇದೇನ್ರಿ ಬೇಗಂರ, ಚೀಲಾ ಹೊಲದೀರೋ ಹೋರಿಗೆ ಮೂಗದಾಣ ಹಾಕೀರೋ?"

"ಸರಿಯೋ ಆಚೆ, ಕೂಳಿಗೆ ದಂಡ!" ಚೌಡವ್ವ ಅವನನ್ನು ನೂಕಿ ಕುಳಿತಳು. ಅವಳೂ ಬಲ ಮೂಲೆ ಕೊಯ್ದಳು, ಅವಳೂ ಜಗ್ಗಿದಳು. ಮತ್ತೆ ನೆರಿಗೆ. "ಅಯ್ಯ ನನ್ನವ್ವನ! ಇದು ಬರವಲ್ತು." ತಿರಕಪ್ಪ ಚಪ್ಪಾಳೆ ತಟ್ಟಿದ. ಕೊನೆಗೆ ಇಬ್ಬರೂ ಒಂದೊಂದೇ ಹೊಲಿಗೆ ಕೊಯ್ದು ಬಿಚ್ಚಿದರು.

ಸೋಮಣ್ಣ ಹೊಲಿಗೆಯ ಗೋಜಿಗೇ ಹೋಗಲಿಲ್ಲ. ಬಟ್ಟೆಯನ್ನೇ ನಡುವೆ ಬ್ಲೇಡಿನಿಂದ ಸೀಳಿ ಎಸೆದ. "ಮೂರು ಸೆಕೆಂಡು. ಗೆದ್ದೆನೋ ಇಲ್ಲೋ?"

"ಗೆದ್ರಿ," ಎಂದಳು ಬೇಗಂ. ಅವಳ ತುಟಿ ಸ್ವಲ್ಪ ಅರಳಿದ್ದನ್ನು ಗುಡದಪ್ಪ ನೋಡಿದ.

"ಭರಮಣ್ಣನ್ನೂ ಕರೀಲೇನು?" ಎಂದ ಮಾಲತೇಶಪ್ಪ. ಅವನಿಗೂ ಈಗ ಆಟದ ಹುಕಿ ಹತ್ತಿತ್ತು.

"ಬ್ಯಾಡ್ರಿ. ಮಷಿನ್ ಬಿಟ್ಟು ಅವರು ಯಾಕ ಬರಬೇಕು? ನಾವ ಒಳಗ ಹೋಗೂಣು."

ಕಂಪ್ರೆಸರ್ ಕೋಣೆಯಲ್ಲಿ ಮಾತು ಕೇಳಬೇಕಾದರೆ ಕೂಗಬೇಕು. ಭರಮಣ್ಣ ಕಿವಿಯ ಹತ್ತಿ ತೆಗೆದು ಎದ್ದು ನಿಂತ. ಹತ್ತು ವರ್ಷ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುವ ಮಷಿನ್ ನಡೆಸಿ, ಆಮೇಲೆ ಇಲ್ಲಿಗೆ ಬಂದವನು ಎಂದು ಕಾಸೀಮಸಾಬ ಬಸ್ಸಿನಲ್ಲಿ ಹೇಳಿದ್ದ. ಬೇಗಂ ನಾಲ್ಕನೆಯ ಜೇಬನ್ನೂ ಬ್ಲೇಡನ್ನೂ ಕೊಟ್ಟಳು. ಅವನು ಜೇಬು ತಿರುವಿಕೊಂಡು ಹೊಲಿಗೆಗಳನ್ನು ಒಂದರ ಹಿಂದೆ ಒಂದು, ಎಳ್ಳಷ್ಟೂ ಬಟ್ಟೆಗೆ ತಾಗದಂತೆ, ಕೊಯ್ಯುತ್ತ ಹೋದ. ಹೆಬ್ಬೆರಳಿನಿಂದ ಅಗಲಿಸಿದ. ತೆರೆಯಿತು.

"ಹನ್ನೊಂದು ಸೆಕೆಂಡು!" ಗುಡದಪ್ಪ ಕೂಗಿದ. ಹಮಾಲನಿಗೆ ಇದರ ಮೂರು ಪಟ್ಟು ಹಿಡಿದಿತ್ತು. ಎಷ್ಟು ನಾಜೂಕಿನ ಕೈ! "ಶಾಬಾಸ್ ಭರಮಣ್ಣ!"

"ಶಾಬಾಸ್," ಎಂದಳು ಬೇಗಂ ಕೂಡ. "ಒಂದು ಕೇಳಲೇನು? ನೀವು ಯಾಕ ಜಗ್ಗಲಿಲ್ಲ?"

"ಏನು ಜಗ್ಗೂದು?"

"ದಾರ. ಗೋಣಿಚೀಲ ಬಿಚ್ಚೋರು ಬಲ ಮೂಲಿ ಕೊಯ್ದು ತುದಿ ಜಗ್ಗತಾರ. ಇಡೀ ಹೊಲಿಗಿ ಒಂದ ಎಳೀಗೆ ಸರ್ರಂತ ಬರತೈತಿ. ಬ್ಯಾಡಗಿಯೊಳಗ ಹುಟ್ಟಿದ ಕೂಸಿಗೂ ಗೊತ್ತು. ತಿರಕಪ್ಪ ಜಗ್ಗಿದ, ಚೌಡವ್ವ ಜಗ್ಗಿದಳು. ಹತ್ತು ವರ್ಷ ಅದ ಕೆಲಸ ಮಾಡಿದ ನೀವು ಜಗ್ಗಲಿಲ್ಲ."

ಭರಮಣ್ಣ ಬ್ಲೇಡನ್ನು ನೋಡಿದ. "ನೋಡಿದ್ರ ತಿಳೀತೈತಿ. ಇದು ಬ್ಯಾರೆ ಹೊಲಿಗಿ. ಎರಡು ದಾರದ್ದು."

"ಎರಡು ದಾರಾ?"

"ಹೂಂ. ಎರಡು ಸೂಜಿದು. ಆ ಕಡಿಂದ ಒಂದು, ಈ ಕಡಿಂದ ಒಂದು. ಒಳಗ ಒಂದರ ಮ್ಯಾಲ ಒಂದು ಹಾದು ಹೋಗತಾವ. ಜಗ್ಗಿದ್ರ ಬಿಗೀತೈತಿ."

ಬೇಗಂ ಅವನ ಕೈಯಿಂದ ಜೇಬು ತಗೊಂಡಳು.

"ಖರೇ ಐತಿ. ಆದ್ರ ಹೊರಗಿಂದ ನೋಡಿದ್ರ ನನ್ನ ಹೊಲಿಗಿ ನಿಮ್ಮ ಮಷಿನ್ ಹೊಲಿಗಿ ಥರಾನ ಕಾಣತೈತಿ. ಹಾದು ಹೋಗೂದು ತೂತಿನ ಒಳಗ. ಅದು ತಿಳೀಬೇಕಂದ್ರ ಒಮ್ಮೆ ಜಗ್ಗಿ ಸೋತಿರಬೇಕು, ಭರಮಣ್ಣ. ನೀವು ಇವತ್ತು ಜಗ್ಗಿಲ್ಲ. ಮತ್ತ ಯಾವಾಗ ಜಗ್ಗಿದ್ರಿ?"

ಅವಳು ಶುಕ್ರವಾರದ ಚೀಲವನ್ನು ಬಿಡಿಸಿ ಬಲ ಮೂಲೆ ತೋರಿಸಿದಳು. ಅದೇ ನೆರಿಗೆ—ಅಂಗಳದಲ್ಲಿ ಈಗಷ್ಟೇ ಎರಡು ಸಲ ಎಲ್ಲರೂ ಕಂಡ ನೆರಿಗೆ. ತಾನು 'ಭಾರಕ್ಕ' ಎಂದಿದ್ದ ಮಾತು ನೆನಪಾಗಿ ಗುಡದಪ್ಪನಿಗೆ ನಾಚಿಕೆಯಾಯಿತು.

"ಸೋಮಣ್ಣ ಮಾಡಿದ್ರ ಬಟ್ಟಿ ಸೀಳತಿದ್ರು," ಎಂದಳು ಬೇಗಂ, ಗುಡದಪ್ಪನ ಕಡೆ ತಿರುಗಿ. "ಕಾಸೀಂ ಭಾಯಿಗೆ ಬಿಚ್ಚೋ ಜರೂರ ಇರಲಿಲ್ಲ, ಬಕಲ್ ಅವರ ಕೈಯಾಗ ಇತ್ತು. ಮೂಲಿ ಕೊಯ್ದು ಜಗ್ಗಿದ್ದು ಗೋಣಿಚೀಲ ಬಿಚ್ಚಿ ರೂಢಿ ಇದ್ದ ಕೈ. ತಿರಕಪ್ಪ, ಚೌಡವ್ವ ಇವತ್ತು ಮೊದಲನೇ ಸಲ ಸೋತರು. ಈ ಭರಮಣ್ಣ ಶುಕ್ರವಾರನ ಸೋತಾರ."

"ಭರಮಾ?" ಎಂದ ಮಾಲತೇಶಪ್ಪ.

ಭರಮಣ್ಣ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಆಮೇಲೆ ಎದ್ದು, ಜನರೇಟರಿನ ಬ್ಯಾಟರಿಯ ಹಿಂದಿನ ಗೋಣಿತಟ್ಟು ಸರಿಸಿ, ಯಂತ್ರವನ್ನು ತಂದು ಕಾಸೀಮಸಾಬನ ಕಾಲ ಹತ್ತಿರ ಇಟ್ಟ. ಅದರ ಬೀಗ ಒಡೆಯಲು ಅವನಿಗೆ ಧೈರ್ಯ ಆಗಿರಲಿಲ್ಲ.

ಕಾಸೀಮಸಾಬ ಉಡದಾರದ ಕೀಲಿ ತೆಗೆದು ಯಂತ್ರ ತೆರೆದ. ಕಾಗದದ ಮೇಲೆ ನೀಲಿ ಗೆರೆ ನೇರವಾಗಿ ಓಡಿತ್ತು. ಎರಡು ಕಡೆ ಮಾತ್ರ ಗುಡ್ಡದಂತೆ ಎದ್ದಿತ್ತು.

"ಸೋಮವಾರ ಮಧ್ಯಾಹ್ನ," ಅವನು ಓದಿದ. "ಗುರುವಾರ ಮಧ್ಯಾಹ್ನ."

ಎರಡೂ ಪೇಟೆಯ ಟೆಂಡರ್ ದಿನ. ಮಾಲತೇಶಪ್ಪ ಸಂಜೆಯ ತನಕ ಮಾರ್ಕೆಟ್ ಯಾರ್ಡಿನಲ್ಲಿರುವ ದಿನ. ಕರೆಂಟು ಹೋದಾಗ ಜನರೇಟರ್ ಹಚ್ಚಬೇಕಾದವನು ಹಚ್ಚಿರಲಿಲ್ಲ.

"ಡೀಸೆಲ್ ಏನು ಮಾಡಿದ್ಯೋ?"

"ಪಂಪ್‌ಸೆಟ್ಟಿನವರಿಗೆ ಮಾರಿದೆ, ಸಾಹುಕಾರ್ರ," ಎಂದ ಭರಮಣ್ಣ ಸಣ್ಣ ದನಿಯಲ್ಲಿ. "ಕಾಗದದ ಮ್ಯಾಲ ದಿನಾ ತಾಸು ಎಲ್ಲಾ ಬರೀತೈತಿ ಅಂತ ಕಾಸೀಮಣ್ಣನ ನಿನ್ನೆ ಹೇಳಿದ. ಅಂಜಿಕಿ ಬಂತು."

ಮಾಲತೇಶಪ್ಪ ಬಹಳ ಹೊತ್ತು ಕಾಗದ ನೋಡಿದ. ಎಲ್ಲರ ಎದುರಿಗೇ ಕಾಸೀಮಸಾಬನ ಎರಡೂ ಕೈ ಹಿಡಿದುಕೊಂಡ. "ಕಾಸೀಮಸಾಬರ, ನಾ ಫೋನಿನ್ಯಾಗ ಅಂದದ್ದು ಹೊಟ್ಟಿಗೆ ಹಾಕೋರಿ. ಸೋಮವಾರ ನೀವ ಬರ್ರಿ. ವರ್ತಕರ ಮುಂದ ಈ ಕಾಗದ ನೀವ ಓದ್ರಿ."

ಕಾಸೀಮಸಾಬ ತಲೆ ಎತ್ತಿದ, ಅಷ್ಟೇ.

ಹೊರಗೆ ಬಂದ ಮೇಲೆ ಸೋಮಣ್ಣ ಬೇಗಂಳ ಹತ್ತಿರ ಸುಳಿದಾಡಿದ. "ಅಕ್ಕಾರ, ಸಡಲೈತಿ ಅಂದದ್ದು... ನಾ ಮಾತಿಗೆ ಅಂದೆ."

"ಕೈ ಚಾಚ್ರಿ," ಎಂದಳು ಬೇಗಂ, ಟೇಪು ಬಿಚ್ಚುತ್ತ.

"ಯಾಕ್ರಿ?"

"ಎಡಗೈ. ನೀವು ಬಟ್ಟಿ ಸೀಳಿದ್ದು ಎಡಗೈಲೆ. ನಿಮ್ಮ ಚೀಲದಾಗ ದೊಡ್ಡ ಪಾನಾ ಆ ಕಡೆ ಬರಬೇಕು. ಇಲ್ಲಾಂದ್ರ ಕಣ್ಣು ಮುಚ್ಚಿದಾಗ ನಿಮಗ ಸಿಗಾಂಗಿಲ್ಲ."

ಸೋಮಣ್ಣ ಎಡಚ ಎಂಬುದು ಆರು ವರ್ಷ ಜೊತೆಗಿಟ್ಟುಕೊಂಡ ಗುಡದಪ್ಪನ ಗಮನಕ್ಕೇ ಬಂದಿರಲಿಲ್ಲ. ಏಳು ಚೀಲ ಹೊಲಿಯಿರಿ ಎಂದು ತಾನಿನ್ನೂ ಬಾಯಿಬಿಟ್ಟು ಹೇಳಿಲ್ಲ ಎಂಬುದೂ ಈಗ ನೆನಪಾಯಿತು. ಬೇಗಂ ಟೇಪಿನ ಒಂದು ತುದಿಯನ್ನು ಸೋಮಣ್ಣನ ಹೆಗಲಿಗೆ ಹಚ್ಚಿ ಸುತ್ತಮುತ್ತ ನೋಡಿದಳು.

ಗುಡದಪ್ಪ ಹೋಗಿ ಇನ್ನೊಂದು ತುದಿ ಹಿಡಿದ.